ಡಿಸ್ಲೆಕ್ಸಿಯಾ ಇರುವ ಮಗಳಿಗೆ ಶಾಲೆ ಬಿಟ್ಟ ಮೇಲಿನ ಪಾಠ ಮತ್ತು ಆರೈಕೆ: ಮೂರನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗಿನ ಅನುಭವ

ಮಗಳು ಮೂರನೇ ಕ್ಲಾಸಲ್ಲಿ ಇದ್ದಾಗ ಮಂಗಳೂರಿನ ಈ ಕೇಂದ್ರಕ್ಕೆ ಸೇರಿಸಿದ್ದು. ಈಗ ಆರನೇ ಕ್ಲಾಸು, ಇನ್ನೂ ಅಲ್ಲೇ ಹೋಗುತ್ತಿದ್ದಾಳೆ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು, ಬರಹ ಕಷ್ಟವಾಗುವ ತೊಂದರೆ ಇರುವ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಪಾಠ, ಜೊತೆಗೆ ಸಂಜೆ ಆರೂವರೆ ತನಕ ನೋಡಿಕೊಳ್ಳುವ ವ್ಯವಸ್ಥೆ. ಎರಡೂ ಒಂದೇ ಕಡೆ ಉಂಟು. ಕದ್ರಿ, ಬಿಜೈ ಕಡೆಯ ಒಂದು ಹಳೇ ಹಂಚಿನ ಮನೆ. ಕೇಂದ್ರದ ಹೆಸರು ಹಾಕುತ್ತಿಲ್ಲ. ಅಲ್ಲಿ ಬರುವ ಮಕ್ಕಳು ಕಡಿಮೆ, ಹೆಸರು ಹೇಳಿದರೆ ಯಾವ ಮಗು ಎಂದು ಗೊತ್ತಾಗಿಬಿಡುತ್ತದೆ. ಆದರೆ ಇಂಥ ಜಾಗ ಹುಡುಕುತ್ತಿರುವವರಿಗೆ ಏನು ನೋಡಬೇಕು, ಏನು ಕೇಳಬೇಕು ಎಂದು ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಮಗೆ ಇಲ್ಲಿ ಸಿಕ್ಕಿದ ಅತಿ ದೊಡ್ಡ ಲಾಭ ಎಂದರೆ ನಮ್ಮ ಸಂಜೆ. ಮನೆಯಲ್ಲಿ ಹೋಂವರ್ಕ್ ಜಗಳ ಪೂರ್ತಿ ನಿಂತಿತು. ಓದಿಸುವ ಕೆಲಸ ಅವರದ್ದು. ಮಗಳು ಮನೆಗೆ ಬಂದ ಮೇಲೆ ನಾನು ಬರೀ ಅಮ್ಮ. ನನ್ನ ಗಂಡ ದುಬೈಯಲ್ಲಿ, ನಾನು ಹಂಪನಕಟ್ಟೆಯಲ್ಲಿ ಕೆಲಸಕ್ಕೆ ಹೋಗುವವಳು, ಮನೆಯಲ್ಲಿ ನನ್ನ ಅಮ್ಮ ಇದ್ದಾರೆ. ಹಾಗಾಗಿ ಇದು ನಮಗೆ ಎಷ್ಟು ದೊಡ್ಡದು ಎಂದು ಮಾತಲ್ಲಿ ಹೇಳುವುದು ಕಷ್ಟ.

ಅಲ್ಲಿ ಸೇರಿಸುವ ಮೊದಲು ಎಲ್ಲರೂ ಹೇಳುತ್ತಿದ್ದದ್ದು ಒಂದೇ. "ಮಗು ಚುರುಕು ಉಂಟು, ಆದರೆ ಓದಲಿಕ್ಕೆ ಉದಾಸೀನ." ಶಾಲೆಯಲ್ಲಿ ಹಾಗೆ, ಮನೆಯಲ್ಲಿ ಅಮ್ಮನೂ ಹಾಗೆ. ಮಾತಾಡಲು, ಕಥೆ ಹೇಳಲು ಮುಂದೆ. ಪುಸ್ತಕ ತೆರೆದರೆ ಹೊಟ್ಟೆನೋವು. ಒಂದು ಪುಟದಲ್ಲಿ ಒಂದೇ ಪದವನ್ನು ಮೂರು ಥರ ಬರೆಯುತ್ತಿದ್ದಳು.

ಈ ಕೇಂದ್ರದವರು ಮೊದಲು ಕೇಳಿದ್ದು ಅಸೆಸ್‌ಮೆಂಟ್ ರಿಪೋರ್ಟ್. ಅದು ಇಲ್ಲದೆ ಮಗುವನ್ನು ತೆಗೆದುಕೊಳ್ಳುವುದಿಲ್ಲ. ಈ ಗಟ್ಟಿತನ ನನಗೆ ಇಷ್ಟವಾಯಿತು. ಮೊದಲು ಕಣ್ಣು, ಕಿವಿ ತೋರಿಸಬೇಕು. ಅದು ಸರಿ ಇದೆ ಎಂದಾದ ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಬುದ್ಧಿಮಟ್ಟದ ಪರೀಕ್ಷೆ. ಆಮೇಲೆ ಓದು, ಬರಹ, ಲೆಕ್ಕ ಇವುಗಳ ಬೇರೆ ಪರೀಕ್ಷೆ. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೂಪಿಸಿದ ಪರೀಕ್ಷೆಗಳ ಗುಂಪೇ ಇದೆ. ನಾವು ಮಣಿಪಾಲಕ್ಕೆ ಹೋಗಿ ಮಾಡಿಸಿದೆವು. ಒಂದೇ ಸಲಕ್ಕೆ ಮುಗಿಯಲಿಲ್ಲ. ಮಗು ಸುಸ್ತಾದಳು ಎಂದು ಕಂಡ ಕೂಡಲೇ ನಿಲ್ಲಿಸಿ ಇನ್ನೊಂದು ದಿನ ಬರಲು ಹೇಳಿದರು. ಮನೆಯಲ್ಲಿ ಯಾವ ಭಾಷೆ ಎಂದೂ ಕೇಳಿದರು. ನಮ್ಮದು ತುಳು. ಶಾಲೆ ಇಂಗ್ಲಿಷ್ ಮೀಡಿಯಂ, ಕನ್ನಡ ಎರಡನೇ ಭಾಷೆ. ಇದು ಮುಖ್ಯ ಯಾಕೆಂದರೆ, ನಮ್ಮ ಕಡೆಯ ಮಕ್ಕಳು "ಭ" ಬರೆಯುವಲ್ಲಿ "ಬ" ಬರೆಯುವುದು ತುಂಬ ಸಾಮಾನ್ಯ. ಮಾತಲ್ಲಿ ಮಹಾಪ್ರಾಣ ಇಲ್ಲದಿದ್ದರೆ ಬರಹದಲ್ಲಿ ಎಲ್ಲಿಂದ ಬರಬೇಕು? ಅದನ್ನೆಲ್ಲ ಡಿಸ್ಲೆಕ್ಸಿಯಾ ಲೆಕ್ಕಕ್ಕೆ ಸೇರಿಸಬಾರದು.

ರಿಪೋರ್ಟ್ ವಿವರಿಸುವಾಗ ಅವರು ಇನ್ನೊಂದು ಮಾತು ಹೇಳಿದರು. ಡಿಸ್ಲೆಕ್ಸಿಯಾ ಕುಟುಂಬದಲ್ಲಿ ಬರುವುದು ಜಾಸ್ತಿ. ಅಮ್ಮ ಪಕ್ಕದಲ್ಲೇ ಕೂತಿದ್ದರು. ನನ್ನ ತಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಪಂಪ್ ರಿಪೇರಿಯಲ್ಲಿ ಅವನಷ್ಟು ಜಾಣ ನಮ್ಮ ಸುತ್ತಮುತ್ತ ಇಲ್ಲ. ಅಮ್ಮ ಅಲ್ಲಿಂದ ಮನೆ ತನಕ ಮಾತಾಡಲಿಲ್ಲ. ಆಮೇಲೆ ಅವರ ಬಾಯಲ್ಲಿ "ಉದಾಸೀನ" ಎಂಬ ಮಾತು ಬಂದಿಲ್ಲ.

ಇನ್ನು ಕೇಂದ್ರದ ವಿಷಯ. ಮಕ್ಕಳು ನಾಲ್ಕು ಗಂಟೆ ಹೊತ್ತಿಗೆ ಬರುತ್ತಾರೆ. ಮೊದಲ ಒಂದು ಗಂಟೆ ಪುಸ್ತಕ ಮುಟ್ಟುವ ಹಾಗಿಲ್ಲ. ಕೈಕಾಲು ತೊಳೆದು ತಿಂಡಿ. ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣು, ಹೀಗೆ. ಆಮೇಲೆ ಅಂಗಳದಲ್ಲಿ ಆಟ, ಮಳೆ ಇದ್ದರೆ ಜಗಲಿಯಲ್ಲಿ ಕೇರಂ. ನೋಡಿಕೊಳ್ಳುವ ಅಕ್ಕ ಒಬ್ಬರಿದ್ದಾರೆ, ಮೊದಲಿಂದಲೂ ಅವರೇ. ಡಿಸ್ಲೆಕ್ಸಿಯಾ ಇರುವ ಮಗು ಶಾಲೆಯಲ್ಲಿ ಬೇರೆಯವರಿಗಿಂತ ಎರಡು ಪಟ್ಟು ದುಡಿದು ಬಂದಿರುತ್ತದೆ. ಬೋರ್ಡ್ ಮೇಲಿನದ್ದನ್ನು ನೋಡಿ ಬರೆಯುವುದೇ ಅದಕ್ಕೆ ದಿನವಿಡೀ ಕೂಲಿ ಮಾಡಿದ ಹಾಗೆ. ಹಾಗೆ ಬಂದ ಮಗುವನ್ನು ನೇರ ಮೇಜಿಗೆ ಕೂರಿಸಿದರೆ ಏನೂ ತಲೆಗೆ ಹೋಗುವುದಿಲ್ಲ. ಸಾಮಾನ್ಯ ಟ್ಯೂಷನ್‌ನಲ್ಲಿ ಆಗುವುದು ಅದೇ. ಶಾಲೆಯಲ್ಲಿ ಅರ್ಥವಾಗದ್ದನ್ನೇ ಇನ್ನೊಮ್ಮೆ, ಸ್ವಲ್ಪ ಜೋರು ಸ್ವರದಲ್ಲಿ.

ಆಮೇಲೆ ಮುಕ್ಕಾಲು ಗಂಟೆ ಪಾಠ. ಒಬ್ಬ ಟೀಚರ್‌ಗೆ ಹೆಚ್ಚೆಂದರೆ ಇಬ್ಬರು ಮಕ್ಕಳು. ಆಮೇಲೆ ಹೋಂವರ್ಕ್. ಅದನ್ನು ಮಾಡಿಸುವ ರೀತಿಯೂ ಬೇರೆ. ಪ್ರಶ್ನೆಯನ್ನು ಟೀಚರ್ ಓದಿ ಹೇಳುತ್ತಾರೆ, ಮಗಳು ಬಾಯಲ್ಲಿ ಉತ್ತರ ಹೇಳುತ್ತಾಳೆ, ಆಮೇಲೆ ಅದರಲ್ಲಿ ಎಷ್ಟು ಸಾಧ್ಯವೋ ಅಷ್ಟು ಬರೆಯುತ್ತಾಳೆ. ಉಳಿದದ್ದರ ಬಗ್ಗೆ ಡೈರಿಯಲ್ಲಿ ಕ್ಲಾಸ್ ಟೀಚರ್‌ಗೆ ಎರಡು ಸಾಲು ಬರೆದು ಕಳಿಸುತ್ತಾರೆ. ಶಾಲೆಯವರು ಒಪ್ಪಲು ಸ್ವಲ್ಪ ಸಮಯ ಹಿಡಿಯಿತು. ಕೇಂದ್ರದ ಟೀಚರ್ ತಾವೇ ಶಾಲೆಗೆ ಹೋಗಿ ಮಾತಾಡಿ ಬಂದರು. ಅದಕ್ಕೆ ಬೇರೆ ಫೀಸು ಕೇಳಲಿಲ್ಲ.

ಕನ್ನಡ ಕಲಿಸಿದ ಬಗ್ಗೆ ಜಾಸ್ತಿ ಬರೆಯಬೇಕು, ಯಾಕೆಂದರೆ ನಾವು ವಿಚಾರಿಸಿದ ಬೇರೆ ಕಡೆಗಳಲ್ಲಿ ಇಂಗ್ಲಿಷ್ ಮಾತ್ರ ಇತ್ತು. ಡಿಸ್ಲೆಕ್ಸಿಯಾ ಎಂದರೆ ಇಂಗ್ಲಿಷಿನ ಬಿ, ಡಿ ಅದಲುಬದಲು ಮಾಡುವುದು ಎಂದೇ ಹಲವರು ತಿಳಿದಿದ್ದಾರೆ. ಕನ್ನಡ ಬರೆದ ಹಾಗೆ ಓದುವ ಭಾಷೆ, ಅದರಲ್ಲಿ ಎಂತ ಕಷ್ಟ ಎಂದು ಕೇಳುತ್ತಾರೆ. ಕಷ್ಟ ಇರುವುದು ಅಕ್ಷರಗಳ ಸಂಖ್ಯೆಯಲ್ಲಿ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತು ಹಿಡಿಯಬೇಕಾದ ಆಕಾರಗಳು ನೂರಾರು. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಅಕ್ಷರ ಪೂರ್ತಿ ಕೈವಶವಾಗಲು ಮೂರು, ನಾಲ್ಕನೇ ತರಗತಿಯವರೆಗೆ ಬೇಕಾಗುತ್ತದೆ ಎಂದು ಅದರಲ್ಲಿದೆ. ಹಾಗಿರುವಾಗ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಒಂದನೇ ಕ್ಲಾಸಲ್ಲೇ ಒತ್ತಕ್ಷರ ಬರಬೇಕು ಎಂದರೆ ಹೇಗೆ?

ಒತ್ತಕ್ಷರದ ಪಾಠವನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಟೀಚರ್ ಮೊದಲು ತೆಗೆದುಕೊಂಡದ್ದು ಕ, ಟ, ಪ, ಡ. ಇವುಗಳ ಒತ್ತು ಮೂಲ ಅಕ್ಷರದ ಹಾಗೆಯೇ ಕಾಣುತ್ತದೆ, ಸಣ್ಣದಾಗಿ ಕೆಳಗೆ ಕೂರುತ್ತದೆ ಅಷ್ಟೇ. ಅಕ್ಕ, ಬೆಟ್ಟ, ಅಪ್ಪ, ದುಡ್ಡು. ತಟ್ಟೆಯಲ್ಲಿ ರವೆ ಹರಡಿ, ಬೆರಳಲ್ಲಿ ಬರೆಯುತ್ತಾ ಬಾಯಲ್ಲಿ ಶಬ್ದ ಹೇಳಬೇಕು. ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ. ಇದು ಗಟ್ಟಿಯಾಗುವ ತನಕ ಮುಂದೆ ಹೋಗಲೇ ಇಲ್ಲ. ತ, ನ, ಮ, ಯ, ರ, ಲ, ಈ ಆರು ಬೇರೆ ಗುಂಪು. ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆ ಸಿಗುವುದಿಲ್ಲ. ಇದನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು. ಹಾಗಾಗಿ ಒಂದೊಂದಕ್ಕೂ ಒಂದೊಂದು ವಾರ. ಈ ಕ್ರಮದಲ್ಲಿ ನನ್ನ ಮಗಳು "ಅಪ್ಪ" ಬರೆಯಲು ಕಲಿತು ಎಷ್ಟೋ ಸಮಯದ ಮೇಲೆ "ಅಮ್ಮ" ಬರೆದಳು. ಶಾಲೆಯ ಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿ ಇರುತ್ತವೆ, ಅಲ್ವಾ?

ಅರ್ಕಾವತ್ತು ಇನ್ನೂ ಕಷ್ಟ. "ವರ್ಷ" ಎನ್ನುವಾಗ ಬಾಯಲ್ಲಿ ರ್ ಮೊದಲು ಬರುತ್ತದೆ, ಷ ಆಮೇಲೆ. ಬರೆಯುವಾಗ ಷ ಮೊದಲು, ಅರ್ಕಾವತ್ತು ಆಮೇಲೆ. ಮಗಳು ಅದನ್ನು ಬಿಟ್ಟೇ ಬಿಡುತ್ತಿದ್ದಳು, "ವಷ" ಎಂದು ಬರೆಯುತ್ತಿದ್ದಳು. ಟೀಚರ್ ಜಗಲಿಯಿಂದ ಕೇರಂ ಕಾಯಿ ತಂದರು. ಬಿಳಿ, ಕಪ್ಪು, ಬಿಳಿ. ಕಪ್ಪು ಕಾಯಿ ರ್. ಕೇಳಿದ ಕ್ರಮದಲ್ಲಿ ಮೂರನ್ನೂ ಇಡಬೇಕು. ಆಮೇಲೆ ಕಪ್ಪು ಕಾಯಿಯನ್ನು ಬೆರಳಲ್ಲಿ ದೂಡಿ ಕೊನೆಗೆ ತರಬೇಕು. ಆಮೇಲೆ ಬರೆಯಬೇಕು. ಈಗಲೂ ಅವಳು ಅರ್ಕಾವತ್ತು ಬರೆಯುವ ಮೊದಲು ಮೇಜಿನ ಮೇಲೆ ಬೆರಳನ್ನು ಬಲಕ್ಕೆ ಸರಿಸುತ್ತಾಳೆ.

ಓದಲು ಕಾರ್ಡ್ ಮಾಡಿದ್ದು ನಮ್ಮ ಸಿಟಿ ಬಸ್ಸುಗಳ ಬೋರ್ಡ್ ನೋಡಿ. ಮೊದಲ ಕಟ್ಟಿನಲ್ಲಿ ಕಾವೂರು, ಕೂಳೂರು, ಪಣಂಬೂರು. ಇವುಗಳಲ್ಲಿ ಒತ್ತು ಇಲ್ಲ. ಎರಡನೇ ಕಟ್ಟಿನಲ್ಲಿ ಕೊಟ್ಟಾರ, ತೊಕ್ಕೊಟ್ಟು. ಆಮೇಲೆ ಮಲ್ಲಿಕಟ್ಟೆ. ಕೊನೆಗೆ ಉರ್ವ. ಪಾಠದಲ್ಲಿ ಓದಿದ್ದು ರಸ್ತೆಯಲ್ಲಿ ಕಣ್ಣೆದುರು ಬರುತ್ತದೆ. ಒಂದು ದಿನ ಜ್ಯೋತಿ ಸರ್ಕಲ್ ಬಳಿ ನಿಂತಿದ್ದಾಗ ಮಗಳು "ಅಮ್ಮ, ಅದು ತೊಕ್ಕೊಟ್ಟು ಬಸ್" ಎಂದಳು. ಕಂಡಕ್ಟರ್ ಕೂಗುವ ಮೊದಲೇ. ಪುಸ್ತಕದ ಹೊರಗೆ, ಯಾರೂ ಹೇಳದೆ ಅವಳು ಓದಿದ್ದು ನಾನು ಕೇಳಿದ್ದು ಅದೇ ಮೊದಲು.

ಇಂಗ್ಲಿಷಿಗೆ ಇವರು ಬಳಸುವುದು ಆರ್ಟನ್–ಗಿಲ್ಲಿಂಗ್‌ಹ್ಯಾಮ್ ಪದ್ಧತಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಶಬ್ದದಿಂದ ಅಕ್ಷರಕ್ಕೆ, ಸುಲಭದಿಂದ ಕಷ್ಟಕ್ಕೆ, ಒಂದೊಂದೇ ಮೆಟ್ಟಿಲು. ಚೆನ್ನಾಗಿದೆ, ಆದರೆ ನಿಧಾನ. ಶಾಲೆಯ ಪಾಠದ ಓಟಕ್ಕೂ ಇದಕ್ಕೂ ಹೊಂದುವುದಿಲ್ಲ. ಮೊದಲ ವರ್ಷ ಮಾರ್ಕಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡನೇ ವರ್ಷದ ಮಧ್ಯದಿಂದ ಕಂಡಿತು. ಈಗಲೂ ಓದುವ ವೇಗ ಕಡಿಮೆಯೇ. ಆದರೆ ಓದಿದ್ದು ಅರ್ಥವಾಗುತ್ತದೆ, ಹೊಟ್ಟೆನೋವು ಬರುವುದಿಲ್ಲ.

ಮಳೆಗಾಲದ ಬಗ್ಗೆ ಹೇಳಲೇಬೇಕು. ಜೂನ್, ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ ಡಿಸಿ ಶಾಲೆಗೆ ರಜೆ ಕೊಡುತ್ತಾರೆ. ನಮ್ಮ ಆಫೀಸಿಗೆ ಯಾರು ರಜೆ ಕೊಡುತ್ತಾರೆ? ಅಂಥ ದಿನ ಇಲ್ಲಿ ಪಾಠ ಇಲ್ಲ, ಆದರೆ ಹತ್ತಿರದವರು ಮಕ್ಕಳನ್ನು ಬಿಟ್ಟು ಹೋಗಬಹುದು. ಅಕ್ಕ ಬೆಳಿಗ್ಗೆಯಿಂದ ಇರುತ್ತಾರೆ. ಅಮ್ಮನಿಗೆ ಮಂಡಿನೋವು ಜಾಸ್ತಿಯಾದ ವರ್ಷ ಇದು ನಮ್ಮನ್ನು ಉಳಿಸಿತು.

ಸರಿ ಇಲ್ಲದ್ದೂ ಉಂಟು. ಫೀಸು ಸಾಮಾನ್ಯ ಟ್ಯೂಷನ್‌ನ ಮೂರು ಪಟ್ಟಿಗಿಂತ ಜಾಸ್ತಿ. ಇಬ್ಬರು ಮಕ್ಕಳಿಗೆ ಒಬ್ಬರು ಟೀಚರ್ ಎಂದಾಗ ಅಷ್ಟು ಆಗುತ್ತದೆ ಎಂದು ಒಪ್ಪುತ್ತೇನೆ, ಆದರೆ ಎಲ್ಲರಿಂದ ಆಗುವುದಿಲ್ಲ. ಏಪ್ರಿಲ್, ಮೇ ಪೂರ್ತಿ ಮುಚ್ಚುತ್ತಾರೆ. ಆ ಎರಡು ತಿಂಗಳಲ್ಲಿ ಕಲಿತದ್ದು ಜಾರಿ ಹೋಗುತ್ತದೆ, ಜೂನ್ ಇಡೀ ಹಳೇ ಪಾಠವೇ. ನಾಲ್ಕನೇ ಕ್ಲಾಸಲ್ಲಿ ಮಗಳ ಟೀಚರ್ ಕೆಲಸ ಬಿಟ್ಟರು. ನಮಗೆ ತಿಳಿಸಿದ್ದು ಕೊನೇ ವಾರ. ಇಂಥ ಮಕ್ಕಳಿಗೆ ಟೀಚರ್ ಬದಲಾಗುವುದು ಸಣ್ಣ ವಿಷಯ ಅಲ್ಲ. ಹೊಸಬರ ಬಳಿ ಬಾಯಿ ಬಿಡಲು ಮಗಳಿಗೆ ದಸರಾ ರಜೆ ತನಕ ಬೇಕಾಯಿತು. ಕನಿಷ್ಠ ಒಂದು ತಿಂಗಳು ಇಬ್ಬರೂ ಒಟ್ಟಿಗೆ ಕೂರುವ ವ್ಯವಸ್ಥೆ ಮಾಡಬಹುದಿತ್ತು. ಇದನ್ನು ಅವರಿಗೂ ಹೇಳಿದ್ದೇನೆ. ಲೆಕ್ಕದ ಪಾಠವೂ ತೆಳು. ಮಗ್ಗಿ ಬಾಯಿಪಾಠ ಬಾರದ ಮಗುವಿಗೆ ಬೇರೆ ದಾರಿ ಬೇಕು, ಅದಕ್ಕೆ ತಯಾರಾದವರು ಅಲ್ಲಿಲ್ಲ. ಇನ್ನು, ಕಲಿಯುವ ಹಂತ ಎರಡನೇ ಕ್ಲಾಸಿನದ್ದು, ವಯಸ್ಸು ಹನ್ನೊಂದು, ಅಂಥವರಿಗೆ ಓದಲು ಅಲ್ಲಿ ಕನ್ನಡ ಪುಸ್ತಕ ಇಲ್ಲ. ಕಾಗೆ, ನರಿ ಕಥೆ ಕೊಟ್ಟರೆ ಮಗಳಿಗೆ ನಾಚಿಕೆ. ಟೀಚರ್ ತಾವೇ ಯಕ್ಷಗಾನದ ಕಥೆಗಳನ್ನು ಸಣ್ಣ ವಾಕ್ಯಗಳಲ್ಲಿ ಬರೆದು ಕೊಡುತ್ತಾರೆ. ಅದು ಅವರ ಒಳ್ಳೆಯತನ, ಆದರೆ ಸಾಲದು.

ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ವಿಷಯದಲ್ಲಿ ಕೇಂದ್ರದವರು ಚೆನ್ನಾಗಿ ದಾರಿ ತೋರಿಸಿದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ. 2024ರಲ್ಲಿ ಹೊಸದು ಬರುವ ತನಕ ಇದ್ದ 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ 8 ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್ ಸಿಗುತ್ತಿತ್ತು, 14 ಮತ್ತು 18ಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕಿತ್ತು. ಖಾಸಗಿ ರಿಪೋರ್ಟ್ ಇದ್ದರೆ ಸಾಲದು, ಸರ್ಕಾರಿ ವ್ಯವಸ್ಥೆಯ ಮೂಲಕವೇ ಆಗಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಬೇಕಿದ್ದರೆ ಇದು ಬೇಕೇ ಬೇಕು. ಸಿಬಿಎಸ್‌ಇಯಲ್ಲಿ 3 ಗಂಟೆಯ ಪರೀಕ್ಷೆಗೆ 1 ಗಂಟೆ ಹೆಚ್ಚು ಸಿಗುತ್ತದೆ. ನಿಧಾನವಾಗಿ ಓದುವ ಮಗುವಿಗೆ ಆ ಒಂದು ಗಂಟೆಯ ಬೆಲೆ ಎಷ್ಟು ಎಂದು ಹೇಳಬೇಕಾಗಿಲ್ಲ. ಹತ್ತನೇ ಕ್ಲಾಸಿನ ತನಕ ಕಾಯಬೇಡಿ.

ಒಂದು ಎಚ್ಚರಿಕೆ. ಹುಡುಕುವಾಗ ನಮಗೂ "ಮೂರೇ ತಿಂಗಳಲ್ಲಿ ಗುಣ" ಎಂದವರು ಸಿಕ್ಕಿದ್ದರು. ಕಣ್ಣು ಕಟ್ಟಿ ಓದಿಸುವ ಮಿಡ್‌ಬ್ರೈನ್ ತರಬೇತಿ, ಬಣ್ಣದ ಕನ್ನಡಕ, ಹೀಗೆ. ಡಿಸ್ಲೆಕ್ಸಿಯಾ ಔಷಧಿಯಿಂದ ವಾಸಿಯಾಗುವ ಕಾಯಿಲೆ ಅಲ್ಲ. ಅದು ಜೀವನಪೂರ್ತಿ ಇರುತ್ತದೆ, ಸರಿಯಾಗಿ ಕಲಿಸಿದರೆ ಮಗು ಅದರ ಜೊತೆ ಓದಲು ಕಲಿಯುತ್ತದೆ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದಿಂದ ಪ್ರಯೋಜನ ಆಗುತ್ತದೆ ಎನ್ನಲು ಆಧಾರ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಯಾವ ಕೇಂದ್ರಕ್ಕೆ ಹೋದರೂ ವಿಶೇಷ ಶಿಕ್ಷಕರ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಭಾರತೀಯ ಪುನರ್ವಸತಿ ಪರಿಷತ್ತಿನದ್ದು ಅದು. ನಮ್ಮ ಟೀಚರ್ ಕೇಳಿದ ಕೂಡಲೇ ತೋರಿಸಿದರು. ಬೇಸರ ಮಾಡಿಕೊಳ್ಳುವವರಿದ್ದರೆ ಅಲ್ಲಿಂದ ಹೊರಡಿ.

ಈ ವರ್ಷ ಹಿಂದಿಯೂ ಸೇರಿತು. ಮೂರನೇ ಲಿಪಿ. ಹಿಂದಿಗೆ ಕೇಂದ್ರದಲ್ಲಿ ಟೀಚರ್ ಇಲ್ಲ, ಶಾಲೆಯಲ್ಲಿ ವಿನಾಯಿತಿ ಕೇಳುತ್ತಿದ್ದೇವೆ. ಉಳಿದಂತೆ ಏಳನೇ ಕ್ಲಾಸು ಮುಗಿಯುವ ತನಕ ಇಲ್ಲೇ ಎಂದು ತೀರ್ಮಾನ ಮಾಡಿದ್ದೇವೆ. ಮಗಳೂ ಹಾಗೇ ಹೇಳುತ್ತಾಳೆ.

ಐದರಲ್ಲಿ ನಾಲ್ಕು ಸ್ಟಾರ್. ಕಳೆದ ಒಂದು ಲೆಕ್ಕದ ಪಾಠಕ್ಕೆ ಮತ್ತು ಟೀಚರ್ ಬದಲಾದಾಗ ಆದದ್ದಕ್ಕೆ. ಇಂಥ ಕಡೆ ಸೇರಿಸುವುದಿದ್ದರೆ ಫೆಬ್ರವರಿ, ಮಾರ್ಚ್‌ನಲ್ಲೇ ಹೋಗಿ ಕೇಳಿ. ಜೂನ್‌ನಲ್ಲಿ ಹೋದರೆ ವೇಟಿಂಗ್ ಲಿಸ್ಟ್. ಹೋಗುವಾಗ ರಿಪೋರ್ಟ್ ಜೊತೆ ಮಗುವಿನ ಹಳೇ ನೋಟ್‌ಬುಕ್ಕುಗಳನ್ನೂ ತೆಗೆದುಕೊಂಡು ಹೋಗಿ, ಟೀಚರ್ ಅದನ್ನೇ ಮೊದಲು ನೋಡುವುದು.