ಮಸೂದೆಯ ಜಾಡು ಹಿಡಿಯುವವರಿಗೆ ಪಿಆರ್‌ಎಸ್ ‘ಬಿಲ್ ಟ್ರ್ಯಾಕ್’

ಸಂಸತ್ತಿನಲ್ಲಿ ಮಂಡನೆಯಾದ ಮಸೂದೆ ಎಲ್ಲಿಗೆ ಬಂತು ಎಂದು ನೋಡಲು ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ‘ಬಿಲ್ ಟ್ರ್ಯಾಕ್’ ಬಹಳ ಅನುಕೂಲದ ಸೇವೆ, ಅದೂ ಉಚಿತ. ಮಂಡನೆ, ಸಮಿತಿಯ ವರದಿ, ಎರಡೂ ಸದನಗಳ ಅಂಗೀಕಾರ, ಎಲ್ಲವೂ ದಿನಾಂಕ ಸಮೇತ ಒಂದೇ ಪುಟದಲ್ಲಿ ಸಿಗುತ್ತವೆ. ಸಾರಾಂಶ ಚುಟುಕಾಗಿದ್ದು, ಪಕ್ಷ ವಹಿಸುವುದಿಲ್ಲ.

ಆದರೆ ಸಾರಾಂಶಕ್ಕೇ ನಿಲ್ಲಬೇಡಿ, ಮೂಲ ಪಠ್ಯವನ್ನೂ ತೆರೆಯಿರಿ. ಮಂಡನೆಯಾದ ಪಠ್ಯ ಬೇರೆ, ಅಂಗೀಕಾರವಾದ ಪಠ್ಯ ಬೇರೆ. ವಕ್ಫ್ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದದ್ದು 2024ರ ಆಗಸ್ಟ್ 8ರಂದು. ಆಗ ಅದರಲ್ಲಿ, ಆಸ್ತಿ ಸರ್ಕಾರದ್ದೋ ಅಲ್ಲವೋ ಎಂದು ತೀರ್ಮಾನಿಸುವ ಹೊಣೆ ಜಿಲ್ಲಾಧಿಕಾರಿಯದಾಗಿತ್ತು. ಜಂಟಿ ಸಮಿತಿ ಕೈಯಾಡಿಸಿದ ಮೇಲೆ, 2025ರ ಏಪ್ರಿಲ್‌ನಲ್ಲಿ ಅಂಗೀಕಾರವಾದ ರೂಪದಲ್ಲಿ ಆ ಹೊಣೆ ಜಿಲ್ಲಾಧಿಕಾರಿಗಿಂತ ಮೇಲ್ದರ್ಜೆಯ ಅಧಿಕಾರಿಗೆ ಹೋಯಿತು. ಹಳೆಯ ಪಿಡಿಎಫ್ ಹಿಡಿದು ವಾದಿಸುವವರು ಎಡವುವುದು ಇಂಥಲ್ಲೇ. ಮಸೂದೆಯ ಕೊನೆಯಲ್ಲಿರುವ ಅಧೀನ ಶಾಸನದ ಜ್ಞಾಪನವನ್ನೂ ಓದಿ: ಯಾವ ಯಾವ ವಿಷಯವನ್ನು ಸರ್ಕಾರ ಮುಂದೆ ನಿಯಮ ಮಾಡಿ ನಿರ್ಧರಿಸಲಿದೆ ಎಂಬುದು ಅಲ್ಲಿರುತ್ತದೆ. ಜನರ ನಿತ್ಯದ ಬದುಕಿಗೆ ತಟ್ಟುವ ವಿವರ ಎಷ್ಟೋ ಸಲ ಆ ನಿಯಮಗಳಲ್ಲೇ ಅಡಗಿರುತ್ತದೆ.

ಸಂವಿಧಾನ ತಿದ್ದುಪಡಿಯನ್ನು ಸಂಖ್ಯೆಯಿಂದ ಹುಡುಕಬೇಡಿ. ಮಹಿಳಾ ಮೀಸಲಾತಿಯ 128ನೇ ತಿದ್ದುಪಡಿ ಮಸೂದೆ ಕಾಯ್ದೆಯಾದಾಗ 106ನೇ ತಿದ್ದುಪಡಿ ಎನಿಸಿತು. ಮಂಡನೆಯಾದವೆಲ್ಲ ಅಂಗೀಕಾರವಾಗುವುದಿಲ್ಲವಾದ್ದರಿಂದ ಎರಡೂ ಎಣಿಕೆ ಬೇರೆ ಬೇರೆ.

ಈ ಸೇವೆಯನ್ನು ನೆಚ್ಚಬೇಕಾದದ್ದು ಸದನದ ಅಂಗೀಕಾರದವರೆಗೆ. ರಾಷ್ಟ್ರಪತಿಯ ಅಂಕಿತ ಬಿದ್ದ ಮಾತ್ರಕ್ಕೆ ಕಾಯ್ದೆ ಜಾರಿಯಾಯಿತು ಎನ್ನಲಾಗದು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಮಸೂದೆ 2023ರ ಆಗಸ್ಟ್ 3ರಂದು ಮಂಡನೆಯಾಗಿ, 7ರಂದು ಲೋಕಸಭೆ, 9ರಂದು ರಾಜ್ಯಸಭೆ ದಾಟಿ, 11ಕ್ಕೆ ಅಂಕಿತ ಪಡೆಯಿತು. ನಿಯಮಗಳು ಹೊರಬಿದ್ದದ್ದು ಮಾತ್ರ 2025ರ ನವೆಂಬರ್‌ನಲ್ಲಿ, ಜಾರಿಯೂ ಹಂತ ಹಂತವಾಗಿ. ಕಾಯ್ದೆಯ 1ನೇ ಪ್ರಕರಣದ (2)ನೇ ಉಪಪ್ರಕರಣದಲ್ಲಿ ‘ಸರ್ಕಾರ ಅಧಿಸೂಚಿಸುವ ದಿನಾಂಕದಿಂದ’ ಎಂದಿದ್ದರೆ ಕೇಂದ್ರ ಸರ್ಕಾರದ ರಾಜ್ಯಪತ್ರದ ಜಾಲತಾಣವಾದ ಇ-ಗೆಜೆಟ್ ತೆರೆಯಲೇಬೇಕು. ಕಾಯ್ದೆಗಳು ಭಾಗ 2, ವಿಭಾಗ 1ರಲ್ಲಿ, ಜಾರಿಯ ಅಧಿಸೂಚನೆಗಳು ಭಾಗ 2, ವಿಭಾಗ 3ರಲ್ಲಿ ಇರುತ್ತವೆ. ‘ಅಸಾಧಾರಣ’ ಸಂಚಿಕೆಗಳಲ್ಲಿ ಹುಡುಕಿ.

ನಮ್ಮವರಿಗೆ ಇರುವ ದೊಡ್ಡ ಕೊರತೆ ಭಾಷೆಯದು. ಇಷ್ಟು ಅಚ್ಚುಕಟ್ಟಾದ ಸಾರಾಂಶಗಳು ಕನ್ನಡದಲ್ಲಿ ಬಂದರೆ ಹಳ್ಳಿಯ ಗ್ರಂಥಾಲಯದಲ್ಲೂ ಓದುವವರಿದ್ದಾರೆ. ಕರ್ನಾಟಕದ ಕಾಯ್ದೆಗಳ ಕನ್ನಡ ಪಠ್ಯ ಬೇಕಾದವರು ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣಕ್ಕೇ ಹೋಗಬೇಕು. ಅಲ್ಲೂ ಮೂಲ ಕಾಯ್ದೆಯ ಜೊತೆ ಆಮೇಲಿನ ತಿದ್ದುಪಡಿ ಕಾಯ್ದೆಗಳನ್ನು ಇಟ್ಟುಕೊಂಡೇ ಓದಿ.