ಹವಳದ ಟ್ಯಾಂಕ್‌ಗೆ ಕೈಯಾರೆ ಕಟ್ಟಿದ ಬೆಳಕು: ಮೀನ್ ವೆಲ್ ಎಲ್‌ಡಿಡಿ ಮತ್ತು ರೀಫ್-ಪೈ ಜೋಡಣೆಯ ವಿಮರ್ಶೆ

ಮನೆಯ ರೀಫ್ ಟ್ಯಾಂಕ್‌ಗೆ (ಹವಳ ಸಾಕುವ ಉಪ್ಪುನೀರಿನ ತೊಟ್ಟಿಗೆ) ಸಿದ್ಧ ದೀಪವನ್ನು ಕೊಳ್ಳದೆ ಬಿಡಿಭಾಗ ತಂದು ತಾವೇ ಕಟ್ಟಿಕೊಳ್ಳುವವರಲ್ಲಿ ಬಹಳ ಜನ ನೆಚ್ಚಿಕೊಂಡಿರುವ ಜೋಡಣೆಯೊಂದಿದೆ. ತೈವಾನಿನ ಮೀನ್ ವೆಲ್ ಕಂಪನಿಯ ಎಲ್‌ಇಡಿಗಳಿಗೆ ಕರೆಂಟ್ ಒದಗಿಸುವ ಎಲ್‌ಡಿಡಿ-ಎಚ್ ಸರಣಿಯ ಡ್ರೈವರ್‌ಗಳು, ಪ್ರತಿ ಸಾಲಿನ ಬೆಳಕನ್ನು ಪ್ರತ್ಯೇಕವಾಗಿ ಹೊಂದಿಸುವ ಹದಿನಾರು ಚಾನೆಲ್‌ಗಳ ಪಿಸಿಎ9685 ಬೋರ್ಡ್ ಮತ್ತು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ರೀಫ್-ಪೈ ಎಂಬ ಮುಕ್ತ ತಂತ್ರಾಂಶ ಸೇರಿ ಅದು ಆಗುತ್ತದೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಮೂರು ಅಡಿ ಉದ್ದದ ಟ್ಯಾಂಕ್‌ನ ಮೇಲೆ ಈಗ ಉರಿಯುತ್ತಿರುವುದು ಇದೇ ಜೋಡಣೆ. ಇದನ್ನು ಕಟ್ಟುವುದು ಸುಲಭ, ಹದಗೊಳಿಸುವುದು ಕಷ್ಟ. ಆದರೆ ಇಷ್ಟು ಸೂಕ್ಷ್ಮವಾಗಿ ಹದಗೊಳಿಸಲು ಬಿಡುತ್ತದೆ ಎಂಬುದೇ ಇದರ ಬಹುದೊಡ್ಡ ಗುಣ ಎಂಬುದು ನನ್ನ ಅಭಿಪ್ರಾಯ.

ಮೊದಲು ಟ್ಯಾಂಕ್‌ನಲ್ಲಿ ಏನಿದೆ ಎಂಬುದನ್ನು ಹೇಳಬೇಕು, ಏಕೆಂದರೆ ಬೆಳಕಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವನ್ನೂ, ಸಮುದ್ರ ಬೀಸಣಿಗೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಮುರುಡೇಶ್ವರದ ಎದುರಿನ ನೇತ್ರಾಣಿಯ ಹವಳವನ್ನು ನೀರಿನಡಿಯಲ್ಲಿ ನೋಡಿ ಬರಬಹುದೇ ಹೊರತು ಮುಟ್ಟುವಂತಿಲ್ಲ, ಹಾಗಿರುವುದೇ ಸರಿ. ಹೀಗಾಗಿ ನಮ್ಮಲ್ಲಿರುವುದು ಜೊವಾಂಥಿಡ್, ಮಶ್ರೂಮ್ ಮತ್ತು ಲೆದರ್ ಎಂಬ ಮೆದು ಹವಳಗಳು ಮಾತ್ರ. ಇವುಗಳಿಗೆ ಸುಮಾರು 50ರಿಂದ 150 ಮೈಕ್ರೋಮೋಲ್‌ವರೆಗಿನ ಪಿಎಆರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಅಳತೆ) ಸಾಕಾಗುತ್ತದೆ. ಉಷ್ಣವಲಯದ ನಡು ಮಧ್ಯಾಹ್ನ ಕಡಲಿನ ಮೇಲ್ಮೈಗೆ 2,000ದಷ್ಟು ಬೀಳುತ್ತದೆ ಎಂಬುದನ್ನು ನೆನೆದರೆ, ಇಲ್ಲಿ ಬೇಕಾಗಿರುವುದು ಪ್ರಖರತೆಯಲ್ಲ, ಕಡಿಮೆ ಬೆಳಕನ್ನು ನಿಖರವಾಗಿ ಕೊಡುವ ಸಾಮರ್ಥ್ಯ ಎಂಬುದು ಸ್ಪಷ್ಟವಾಗುತ್ತದೆ.

ಆ ಕೆಲಸದಲ್ಲಿ ಎಲ್‌ಡಿಡಿ-700ಎಚ್ ನಿಜಕ್ಕೂ ಮೆಚ್ಚುವಂಥದ್ದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಈ ಕಪ್ಪು ತುಂಡು 9ರಿಂದ 56 ವೋಲ್ಟ್‌ವರೆಗಿನ ಡಿಸಿಯನ್ನು ತೆಗೆದುಕೊಂಡು ಎಲ್‌ಇಡಿ ಸಾಲಿಗೆ 700 ಮಿಲಿಆಂಪ್ ಸ್ಥಿರ ಕರೆಂಟ್ ಕೊಡುತ್ತದೆ. ವೋಲ್ಟೇಜನ್ನು ಇಳಿಸಬಲ್ಲದು, ಏರಿಸಲಾರದು. ಆದ್ದರಿಂದ ಸಪ್ಲೈ ಯಾವಾಗಲೂ ಸಾಲಿನ ಒಟ್ಟು ವೋಲ್ಟೇಜ್‌ಗಿಂತ ಮೇಲಿರಬೇಕು. ಒಂದು ರಾಯಲ್ ಬ್ಲೂ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಎಂದಿಟ್ಟುಕೊಂಡರೆ, ಹನ್ನೆರಡರ ಸಾಲಿಗೆ 38.4 ವೋಲ್ಟ್ ಆಗುತ್ತದೆ. 48 ವೋಲ್ಟ್ ಸಪ್ಲೈ ಇದಕ್ಕೆ ಧಾರಾಳವಾಯಿತು, ಪೂರ್ತಿ ಉರಿದಾಗ ಆ ಸಾಲು ಎಳೆಯುವುದು 27 ವ್ಯಾಟ್‌ನಷ್ಟು. ವೈರಿಂಗ್ ಮಾಡುವವರು ಒಂದು ಮಾತನ್ನು ಮರೆಯಬಾರದು: ಡ್ರೈವರ್‌ನ ಔಟ್‌ಪುಟ್ ನೆಗೆಟಿವ್‌ ಅನ್ನು ಸಪ್ಲೈ ನೆಗೆಟಿವ್‌ಗೆ ಸೇರಿಸುವಂತಿಲ್ಲ, ಪ್ರತಿ ಸಾಲಿನ ತಂತಿಯೂ ತನ್ನದೇ ಡ್ರೈವರ್‌ಗೆ ಹಿಂದಿರುಗಬೇಕು. ಬೆಸುಗೆ ಹಾಕಿದ ಜಾಗಗಳಿಗೆ ವಾರ್ನಿಷ್‌ನಂಥ ರಕ್ಷಕ ಲೇಪ ಬಳಿದು, ಎಲ್‌ಇಡಿಗಳ ಕೆಳಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ಕೂರಿಸದಿದ್ದರೆ ಉಪ್ಪುನೀರಿನ ಸಿಡಿತ ತಾಮ್ರವನ್ನು ಬೇಗ ಹಸಿರಾಗಿಸುತ್ತದೆ. ಎಸ್.ಪಿ. ರೋಡಿನಲ್ಲಿ ಅಲ್ಯೂಮಿನಿಯಂ ಹೀಟ್‌ಸಿಂಕ್, ಫ್ಯಾನ್, ಕನೆಕ್ಟರ್‌ಗಳು ಸಿಗುತ್ತವೆ. ಎಲ್‌ಇಡಿಗಳನ್ನು ಮಾತ್ರ ತರಂಗಾಂತರವನ್ನು ಡೇಟಾಶೀಟ್‌ನಲ್ಲಿ ಬರೆದುಕೊಡುವ ತಯಾರಕರಿಂದಲೇ ತರಿಸಿಕೊಳ್ಳಬೇಕು. ಬರೀ ‘ಫುಲ್ ಸ್ಪೆಕ್ಟ್ರಮ್’ ಎಂಬ ಚೀಟಿಯಿಂದ ಏನೂ ತಿಳಿಯುವುದಿಲ್ಲ.

ಚಾನೆಲ್‌ಗಳನ್ನು ನಾನು 450 ನ್ಯಾನೋಮೀಟರ್‌ನ ರಾಯಲ್ ಬ್ಲೂ, 470ರ ಬ್ಲೂ, 420ರ ವಯಲೆಟ್ ಮತ್ತು ತಂಪು ಬಿಳಿ ಎಂದು ನಾಲ್ಕಾಗಿ ವಿಂಗಡಿಸಿದ್ದೇನೆ. ಹವಳದ ಒಳಗೆ ವಾಸಿಸುವ ಜೂಕ್ಸಾಂಥೆಲ್ಲೆ ಪಾಚಿಯಲ್ಲಿ ಕ್ಲೋರೋಫಿಲ್ ಎ, ಕ್ಲೋರೋಫಿಲ್ ಸಿ2 ಮತ್ತು ಪೆರಿಡಿನಿನ್ ಇವೆ. ಇವೆಲ್ಲ ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಕೆಂಪು ಬೆಳಕು ಸಮುದ್ರದ ಮೊದಲ ಕೆಲವು ಮೀಟರ್‌ಗಳಲ್ಲೇ ಹೆಚ್ಚುಕಡಿಮೆ ಅಡಗಿಹೋಗುವುದರಿಂದ ಅದಕ್ಕೆ ಪ್ರತ್ಯೇಕ ಚಾನೆಲ್ ಕೊಡಲಿಲ್ಲ. ಬಣ್ಣಬಣ್ಣದ ಎಲ್‌ಇಡಿಗಳನ್ನು ದೂರದೂರ ಇಟ್ಟರೆ ಮರಳಿನ ಮೇಲೆ ಬಣ್ಣಗಳು ಒಡೆದು ಕಾಣುತ್ತವೆ, ಬಂಡೆಯ ನೆರಳಿನ ಅಂಚಿನಲ್ಲಿ ನೇರಳೆ ಗೆರೆ ಬೀಳುತ್ತದೆ. ಅವನ್ನು ಒತ್ತೊತ್ತಾಗಿ ಕೂರಿಸಿ, ಕಿರಿದಾದ ಲೆನ್ಸ್ ಬಿಟ್ಟು 120 ಡಿಗ್ರಿ ಹರವಿನಲ್ಲೇ ಇರಿಸಿದ ಮೇಲೆ ಬೆಳಕು ಒಂದಾಗಿ ಬೆರೆಯಿತು.

ಇನ್ನು ಹದಗೊಳಿಸುವ ಮಾತು. ಮನುಷ್ಯನ ಕಣ್ಣು 555 ನ್ಯಾನೋಮೀಟರ್‌ನ ಹಸಿರಿಗೆ ಅತ್ಯಂತ ಚುರುಕು, 450ರ ನೀಲಿಗೆ ತೀರಾ ಮಂದ. ಆದ್ದರಿಂದ ನೀಲಿ ಚಾನೆಲ್ ‘ಸ್ವಲ್ಪ ಮಬ್ಬಾಗಿದೆ’ ಎಂದು ಕಂಡಾಗ ಹವಳಕ್ಕೆ ಅದು ಮಿತಿಮೀರಿರಬಹುದು. ಲಕ್ಸ್ ಮೀಟರ್ ಕೂಡ ಕಣ್ಣಿನ ಅಳತೆಗೋಲಿನಲ್ಲೇ ಅಳೆಯುವುದರಿಂದ ಇಲ್ಲಿ ನೆರವಾಗದು. ಬೇಕಾಗಿರುವುದು ನೀರಿನೊಳಗೆ ಇಳಿಸಬಹುದಾದ ಪಿಎಆರ್ ಮೀಟರ್. ಅಪೋಜಿ ಎಂಕ್ಯೂ-510 ಅಂಥದ್ದೊಂದು. ಅದರ ಬೆಲೆ ದೀಪದಲ್ಲಿ ಉಳಿಸಿದ ಹಣವನ್ನು ನುಂಗಿಬಿಡುವಷ್ಟಿದೆಯಾದ್ದರಿಂದ ಹವ್ಯಾಸಿ ಗೆಳೆಯರು ಕೂಡಿ ಒಂದನ್ನು ಕೊಂಡು ಹಂಚಿಕೊಳ್ಳುವುದು ಜಾಣತನ. ಅಳೆಯುವಾಗ ವೇವ್‌ಮೇಕರ್ ನಿಲ್ಲಿಸಬೇಕು, ಇಲ್ಲವಾದರೆ ಅಲೆಗಳ ಮಿನುಗಿಗೆ ಅಂಕಿ ಒಂದೆಡೆ ನಿಲ್ಲುವುದಿಲ್ಲ; ಸೆನ್ಸರನ್ನು ಹವಳ ಕೂತಿರುವ ಜಾಗದಲ್ಲೇ, ಮುಖ ಮೇಲಾಗಿ, ಕೈಯ ನೆರಳು ಬೀಳದಂತೆ ಹಿಡಿಯಬೇಕು.

ಹೊಸ ದೀಪವನ್ನು ಕಡಿಮೆಯಿಂದ ಆರಂಭಿಸಿ ವಾರಗಟ್ಟಲೆ ನಿಧಾನವಾಗಿ ಏರಿಸುವುದೇ ಸುರಕ್ಷಿತ, ಏಕೆಂದರೆ ಒಮ್ಮೆಲೇ ಸುರಿದ ಬೆಳಕಿಗೆ ಹವಳ ತನ್ನ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಜೊವಾಂಥಿಡ್‌ಗಳು ಕತ್ತು ನೀಳವಾಗಿಸಿ ಮೇಲಕ್ಕೆ ಚಾಚಿದರೆ ಬೆಳಕು ಸಾಲದೆಂದೂ, ಮಶ್ರೂಮ್ ಅಂಚು ಸುರುಳಿಸಿ ಕುಗ್ಗಿದರೆ ಹೆಚ್ಚಾಯಿತೆಂದೂ ಸಾಮಾನ್ಯವಾಗಿ ತಿಳಿಯಬಹುದು. ಲೆದರ್ ಹವಳದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ಆಗಾಗ ಮೇಣದಂಥ ಪೊರೆ ಕಟ್ಟಿಕೊಂಡು, ಕೆಲವು ದಿನ ಮುದುಡಿ ಹೊಳಪೇರಿ ಕೂತು, ಆಮೇಲೆ ಪೊರೆ ಕಳಚಿ ಅರಳುತ್ತದೆ. ಇದಕ್ಕೆ ದೀಪವೇ ಕಾರಣವೆಂದೇನಿಲ್ಲ. ಆ ದಿನಗಳಲ್ಲಿ ಸೆಟ್ಟಿಂಗ್ ಮುಟ್ಟದೆ ಸುಮ್ಮನಿರುವುದೇ ಒಳ್ಳೆಯದು.

ಈ ನಿಧಾನದ ಏರಿಳಿತಕ್ಕೆ ಪಿಸಿಎ9685 ಮತ್ತು ರೀಫ್-ಪೈ ಚೆನ್ನಾಗಿ ಒದಗಿಬರುತ್ತವೆ. ಬೋರ್ಡ್ ಪ್ರತಿ ಚಾನೆಲ್‌ಗೂ ಬೆಳಕಿನ 4,096 ಮೆಟ್ಟಿಲು ಕೊಡುತ್ತದೆ. ಬೆಳಕು ತಗ್ಗಿಸಲು ಅದು ದೀಪವನ್ನು ಸೆಕೆಂಡಿಗೆ ನೂರಾರು ಬಾರಿ ಹೊತ್ತಿಸಿ ಆರಿಸುತ್ತದೆ; ಈ ಫ್ರೀಕ್ವೆನ್ಸಿ ಮಾತ್ರ ಎಲ್ಲ ಚಾನೆಲ್‌ಗಳಿಗೂ ಒಂದೇ. ಎಲ್‌ಡಿಡಿ 100ರಿಂದ 1,000 ಹರ್ಟ್ಸ್‌ವರೆಗೆ ಒಪ್ಪುವುದರಿಂದ ಫ್ರೀಕ್ವೆನ್ಸಿಯನ್ನು ಆ ಮಿತಿಯೊಳಗೇ ಇಡಬೇಕು, ಅದರಲ್ಲೂ ಕೆಳಭಾಗದಲ್ಲಿಟ್ಟರೆ ಮುಂಜಾನೆಯ ಮಂದ ಬೆಳಕು ಹೆಚ್ಚು ನಯವಾಗಿ ಏರುತ್ತದೆ. ರಂಜಿಬ್ ಡೇ ಅವರು ಆರಂಭಿಸಿದ ರೀಫ್-ಪೈಯಲ್ಲಿ ಪ್ರತಿ ಚಾನೆಲ್‌ಗೂ ಕನಿಷ್ಠ, ಗರಿಷ್ಠ ಮಿತಿ ನಿಗದಿಪಡಿಸಿ, ದಿನದ ಬೆಳಕಿನ ವಕ್ರರೇಖೆಯನ್ನು ಬ್ರೌಸರ್‌ನಲ್ಲೇ ಹೊಂದಿಸಬಹುದು. ಎಲ್ಲವೂ ಮನೆಯ ಪೈಯಲ್ಲೇ ನಡೆಯುವುದರಿಂದ ಇಂಟರ್‌ನೆಟ್ ಹೋದರೂ ಸೂರ್ಯೋದಯ ತಪ್ಪುವುದಿಲ್ಲ. ಆದರೆ ಡ್ರೈವರ್, ಜ್ಯಾಕ್, ಲೈಟ್ ಎಂಬ ಅದರ ಕ್ರಮವನ್ನು ಕೈಪಿಡಿ ಓದದೆ ಊಹಿಸಲಾಗದು. ಫೋನಿನಲ್ಲಿ ಆ್ಯಪ್ ತೆರೆದು ಎರಡು ನಿಮಿಷದಲ್ಲಿ ಮುಗಿಸಬಯಸುವವರಿಗೆ ಸಿದ್ಧ ದೀಪವೇ ಹಿತ.

ಈ ಜೋಡಣೆಯ ನಿಜವಾದ ಕೊರತೆ ಕೆಟ್ಟಾಗ ನಡೆದುಕೊಳ್ಳುವ ರೀತಿಯಲ್ಲಿದೆ. ಎಲ್‌ಡಿಡಿಯ ಡಿಮ್ಮಿಂಗ್ ಕಾಲಿಗೆ (ಬೆಳಕು ತಗ್ಗಿಸುವ ಸಿಗ್ನಲ್ ಪಡೆಯುವ ಪಿನ್‌ಗೆ) ಏನೂ ಸೇರಿಸದಿದ್ದರೆ ಅದು ಪೂರ್ತಿ ಉರಿಯುತ್ತದೆ; ಡೇಟಾಶೀಟೇ ಹಾಗೆ ಹೇಳುತ್ತದೆ. ಸಿಗ್ನಲ್ ತಂತಿ ಸಡಿಲವಾದರೆ ಆರಬೇಕಾದ ದೀಪ ನೂರಕ್ಕೆ ನೂರು ಬೆಳಗುತ್ತದೆ, 80 ಪಿಎಆರ್‌ಗೆ ಒಗ್ಗಿದ ಹವಳಕ್ಕೆ ಅದು ಅಪಾಯ. ಆ ಕಾಲಿನಿಂದ ನೆಗೆಟಿವ್‌ಗೆ ಒಂದು ರೆಸಿಸ್ಟರ್ ಬೆಸೆದು, ಟ್ಯಾಂಕ್‌ನ ಮೇಲೆ ತೂಗುಹಾಕುವ ಮುನ್ನ ಮೇಜಿನ ಮೇಲೆಯೇ ಸಿಗ್ನಲ್ ತಂತಿಯನ್ನು ಕಿತ್ತು ದೀಪ ಆರುತ್ತದೆಯೇ ಎಂದು ಪ್ರತಿ ಚಾನೆಲ್‌ನಲ್ಲೂ ನೋಡಬೇಕು. ಪೈ ಸ್ಥಗಿತಗೊಂಡರೆ ತೊಂದರೆ ಬೇರೆಯದು: ಪಿಸಿಎ9685 ಕೊನೆಯಲ್ಲಿ ಪಡೆದ ಮಟ್ಟವನ್ನೇ ಹಿಡಿದುಕೊಂಡು ರಾತ್ರಿಯಿಡೀ ಉರಿಸುತ್ತಿರುತ್ತದೆ. ಇದಕ್ಕೆ 48 ವೋಲ್ಟ್ ಸಪ್ಲೈನ ಪ್ಲಗ್‌ಗೇ ಸಾಧಾರಣ ಟೈಮರ್ ಸ್ವಿಚ್ ಹಾಕಿ, ರೀಫ್-ಪೈಯ ವೇಳಾಪಟ್ಟಿಗಿಂತ ಅರ್ಧ ಗಂಟೆ ಮೊದಲು ಚಾಲೂ ಆಗುವಂತೆ, ಅರ್ಧ ಗಂಟೆ ತಡವಾಗಿ ಬಂದ್ ಆಗುವಂತೆ ಹೊಂದಿಸಿದರೆ ಸಾಕು.