ಇಟಿಸಿ ಸೋಲಾರ್ ಹೀಟರ್: ಗಾಜಿನ ಕೊಳವೆಗಿಂತ ಪೈಪಿನ ಕಡೆ ಮೊದಲು ನೋಡಿ

ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ ಸುಮಾರು 80 ಲೀಟರ್ ಬಿಸಿನೀರು ಹಿಡಿಯುತ್ತದೆ. ಅದನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಗೀಸರ್ ತಿನ್ನುವುದು ಹತ್ತಿರ ಹತ್ತಿರ ಮೂರೂಕಾಲು ಯೂನಿಟ್, ಅಂದರೆ ತಿಂಗಳಿಗೆ ನೂರು ಯೂನಿಟ್ಟಿನ ಆಸುಪಾಸು. ಗೃಹಜ್ಯೋತಿಯಲ್ಲಿ ಇರುವವರಿಗೆ ಈ ನೂರು ಸಣ್ಣ ಸಂಖ್ಯೆಯಲ್ಲ. ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟಿಸುವುದು ಹೆಚ್ಚಾಗಿ ಬಚ್ಚಲುಮನೆಯೇ. ಈ ಲೆಕ್ಕದಲ್ಲಿ ತಾರಸಿ ಮೇಲಿನ ಇಟಿಸಿ ಸೋಲಾರ್ ಹೀಟರ್, ಅದೇ ಕಪ್ಪು ಗಾಜಿನ ಕೊಳವೆಗಳದ್ದು, ಬೆಂಗಳೂರಿಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಅದು ಉಳಿಸುವ ಕರೆಂಟು ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ಕೂರಿಸಿದ ಕೈಯನ್ನು ನಂಬಿದೆ.

ಚಳಿಗಾಲದಲ್ಲಿ ನೀರು ಕಾಯುವುದಿಲ್ಲ ಎಂಬ ಭಯ ಬೇಡ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಎಷ್ಟೇ ಚಳಿಯಿದ್ದರೂ ಹಗಲು ಬಿಸಿಲು ಚೊಕ್ಕವಾಗಿರುತ್ತದೆ. ಕೈಕೊಡುವುದು ಜುಲೈ, ಆಗಸ್ಟ್‌ನ ಮುಚ್ಚಿದ ಮೋಡ. ಕೊಳವೆಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು ಎಂಬುದು ಎಲ್ಲರಿಗೂ ಗೊತ್ತು. ನೆರಳನ್ನು ಯಾವ ತಿಂಗಳಲ್ಲಿ ನೋಡಬೇಕು ಎಂಬುದನ್ನು ಮಾತ್ರ ಹೆಚ್ಚಿನವರು ಯೋಚಿಸುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ಪಕ್ಕದ ಕಟ್ಟಡದ ನೆರಳು ಕಾಣುವುದೇ ಇಲ್ಲ. ಡಿಸೆಂಬರಿನಲ್ಲಿ ಸೂರ್ಯ ಮಧ್ಯಾಹ್ನಕ್ಕೂ 54 ಡಿಗ್ರಿಗಿಂತ ಮೇಲೇರುವುದಿಲ್ಲ. 30×40 ಸೈಟಿನ ದಕ್ಷಿಣಕ್ಕೆ ನಾಲ್ಕು ಮಹಡಿ ಎದ್ದಿದ್ದರೆ ಅರ್ಧ ದಿನದ ಬಿಸಿಲು ಹೋಯಿತು.

ಅಂಗಡಿಯಲ್ಲಿ ಮೂರು ಜನರ ಮನೆಗೂ 200 ಲೀಟರಿನದನ್ನೇ ತೋರಿಸುತ್ತಾರೆ. ಮೂರು, ನಾಲ್ಕು ಜನರಿಗೆ 100 ಲೀಟರ್ ಸಾಕು. ಐದಾರು ಜನರಿದ್ದರೆ 150, 200ರ ಮಾತು. ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ: ಟ್ಯಾಂಕಿನೊಳಗೆ ಮಾತ್ರ ಎಷ್ಟು ಲೀಟರ್? 58 ಮಿ.ಮೀ. ದಪ್ಪ, 1800 ಮಿ.ಮೀ. ಉದ್ದದ ಒಂದು ಕೊಳವೆಯಲ್ಲೇ ಎರಡೂವರೆ ಲೀಟರಿಗೂ ಹೆಚ್ಚು ನೀರು ನಿಲ್ಲುತ್ತದೆ. ಹತ್ತು ಕೊಳವೆಯ ನೀರನ್ನೂ ಸೇರಿಸಿ 100 ಎಂದು ಮಾರಿದರೆ ನಲ್ಲಿಗೆ ಸಿಗುವುದು ಮುಕ್ಕಾಲು ಪಾಲು.

ಇನ್ನು ಪೈಪು. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರಿರುತ್ತದೆ. ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ 25 ಮೀಟರ್ ಸುತ್ತಿ ಬಂದರೆ ಪ್ರತಿ ಬೆಳಗ್ಗೆ ಆರು ಲೀಟರಿಗೂ ಹೆಚ್ಚು ತಣ್ಣೀರು ಮೊದಲು ಹರಿಯುತ್ತದೆ. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರುತ್ತದೆ. ಮನೆಯವರು ಬೇರೆ ಬೇರೆ ಹೊತ್ತಿಗೆ ಸ್ನಾನ ಮಾಡಿದರೆ ಈ ನಷ್ಟ ಪ್ರತಿ ಸಲವೂ ಆಗುತ್ತದೆ. ಒಬ್ಬರ ಹಿಂದೆ ಒಬ್ಬರು ಮಾಡಿದರೆ ಒಂದೇ ಸಲ. ಬಿಸಿನೀರಿನ ಲೈನು ಆದಷ್ಟು ನೇರವಾಗಿ ಇಳಿಯಲಿ. ತಾರಸಿ ಮೇಲಿನ ಭಾಗಕ್ಕೆ ಇನ್ಸುಲೇಶನ್ ತೊಡಿಸಿ, ಅದರ ಮೇಲೆ ಬಿಸಿಲು ತಡೆಯುವ ಹೊದಿಕೆ ಸುತ್ತಿಸಿ. ಬರೀ ಕಪ್ಪು ಫೋಮ್ ಬಿಸಿಲಿಗೆ ಬೇಗ ಪುಡಿಪುಡಿಯಾಗುತ್ತದೆ. ತಣ್ಣೀರಿಗೆ ಹಾಕುವ ಯುಪಿವಿಸಿ ಪೈಪನ್ನೇ ಬಿಸಿನೀರಿಗೂ ಎಳೆದರೆ ಅದು ಬಾಗಿ, ಜಾಯಿಂಟು ಬಿಡುತ್ತದೆ.

ಸಾಮಾನ್ಯ ಇಟಿಸಿಯಲ್ಲಿ ಪಂಪಿಲ್ಲ. ಕಾದ ನೀರು ಹಗುರಾಗಿ ಕೊಳವೆಯಿಂದ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಟ್ಯಾಂಕಿಗೆ ತಣ್ಣೀರು ತುಂಬುವುದೂ ಮೇಲಿನಿಂದ ತಾನಾಗಿ ಇಳಿದೇ. ಅದಕ್ಕೇ ತಣ್ಣೀರಿನ ಸಿಂಟೆಕ್ಸ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಒಂದಡಿಯಾದರೂ ಮೇಲಿರಬೇಕು. ಸ್ಟ್ಯಾಂಡಿನ ಖರ್ಚು ಉಳಿಸಲು ಇಲ್ಲಿ ರಾಜಿಯಾದರೆ ಸೋಲಾರ್ ಟ್ಯಾಂಕು ಪೂರ್ತಿ ತುಂಬುವುದೇ ಇಲ್ಲ. ಏರ್ ವೆಂಟ್ ಪೈಪಿನ ಬಾಯಿ ತಣ್ಣೀರಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು, ಅದಕ್ಕೆ ಎಲ್ಲೂ ವಾಲ್ವ್ ಇರಕೂಡದು. ಅದು ಕಟ್ಟಿಕೊಂಡರೆ ನೀರು ಖಾಲಿಯಾಗುವಾಗ ಒಳಗೆ ನಿರ್ವಾತವುಂಟಾಗಿ ಒಳಟ್ಯಾಂಕು ನಜ್ಜುಗುಜ್ಜಾಗುತ್ತದೆ.

ಶವರ್ ಜೋರಾಗಿ ಬರಲಿ ಎಂದು ತಣ್ಣೀರಿನ ಲೈನಿಗೆ ಮಾತ್ರ ಪ್ರೆಶರ್ ಪಂಪ್ ಹಾಕುವವರು ಬಹಳ. ಆಗ ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯೊಳಗೆ ತಣ್ಣೀರು ಬಿಸಿನೀರಿನ ಲೈನಿಗೇ ನುಗ್ಗಿ ಮೇಲಕ್ಕೆ ಹೋಗುತ್ತದೆ. ‘ಸೋಲಾರ್ ಕಾಯ್ತಿಲ್ಲ’ ಎಂಬ ದೂರಿದ್ದರೆ ಟ್ಯಾಂಕು ಬಿಚ್ಚುವ ಮೊದಲು ಇದನ್ನು ನೋಡಿ. ಬಿಸಿ ಲೈನಿಗೆ ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಹಾಕಿದರೆ ಹಿಮ್ಮುಖ ಹರಿವು ನಿಲ್ಲುತ್ತದೆ, ಆದರೆ ಒತ್ತಡದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಪಂಪ್ ಬೇಕೇ ಬೇಕು ಎನ್ನುವವರು ಮೊದಲೇ ಪ್ರೆಶರ್ ತಡೆಯುವ ಮಾದರಿ ಕೊಳ್ಳುವುದು ಸರಿ.

ಕೊಳವೆ ಒಡೆಯುವುದಕ್ಕೆ ಪಕ್ಕದ ಮನೆಯ ತೆಂಗಿನಕಾಯಿಯೂ ಹುಡುಗರ ಕ್ರಿಕೆಟ್ ಬಾಲೂ ಕಾರಣ ಎನ್ನುತ್ತಾರೆ, ನಿಜ. ಆದರೆ ಬೇಸಿಗೆಯಲ್ಲಿ ಒಡೆಯುವುದು ಹೆಚ್ಚಾಗಿ ನೀರಿನಿಂದಲೇ. ಓವರ್‌ಹೆಡ್ ಟ್ಯಾಂಕು ಬರಿದಾಗಿ, ಒಣಗಿದ ಕೊಳವೆ ಬಿಸಿಲಿಗೆ 200 ಡಿಗ್ರಿವರೆಗೂ ಕಾದಿರುವಾಗ ಮಧ್ಯಾಹ್ನ ಟ್ಯಾಂಕರ್ ಬಂದು ತಣ್ಣೀರು ನುಗ್ಗಿದರೆ ಗಾಜು ಚಟಕ್ಕನೆ ಸೀಳುತ್ತದೆ. ಸೋಲಾರಿಗೆ ಹೋಗುವ ವಾಲ್ವ್ ಮುಚ್ಚಿಟ್ಟು ಸಂಜೆ ತೆರೆಯಿರಿ. ಒಂದೇ ಒಂದು ಕೊಳವೆ ಸೀಳಿದರೂ ಇಡೀ ಟ್ಯಾಂಕಿನ ನೀರು ಅದರಲ್ಲೇ ಸುರಿದುಹೋಗುತ್ತದೆ. ಆದ್ದರಿಂದ ಆ ವಾಲ್ವ್ ಎಲ್ಲಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ. ಒಡೆಯದೆಯೂ ಕೊಳವೆ ಸಾಯಬಹುದು: ತುದಿಯ ಬೆಳ್ಳಿ ಬಣ್ಣ ಹಾಲಿನಂತೆ ಬಿಳಿಯಾಗಿದ್ದರೆ ನಿರ್ವಾತ ಹೋಗಿದೆ, ಆ ಕೊಳವೆಯನ್ನು ಬದಲಿಸಿ, ಜೊತೆಗೆ ಸಿಲಿಕೋನ್ ರಿಂಗನ್ನೂ.

ಕಾವೇರಿ ನೀರಿನ ಮನೆಗೆ ಇಟಿಸಿ ಬಗ್ಗೆ ಹೆಚ್ಚು ಯೋಚನೆ ಬೇಡ. ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣ ಕೊಳವೆಯ ತಳದಲ್ಲಿ ಕೂರುತ್ತದೆ. ಇದನ್ನು ಬಿಚ್ಚಿ ತೊಳೆಯಬಹುದು, ತಾಮ್ರದ ಸಣ್ಣ ನಾಳಗಳ ಎಫ್‌ಪಿಸಿಯಲ್ಲಿ, ಅಂದರೆ ಚಪ್ಪಟೆ ಫಲಕದ ಸೋಲಾರ್ ಹೀಟರಿನಲ್ಲಿ, ಅದು ಕಷ್ಟ. ಟ್ಯಾಂಕಿನೊಳಗಿನ ಮೆಗ್ನೀಶಿಯಂ ರಾಡು ತುಕ್ಕನ್ನು ತಾನು ತಿಂದು ಟ್ಯಾಂಕು ಕಾಯುತ್ತದೆ. ವರ್ಷಕ್ಕೊಮ್ಮೆ ಸರ್ವಿಸಿಗೆ ಬಂದವರಿಂದ ಅದನ್ನು ಹೊರಗೆ ತೆಗೆಸಿ ನೋಡಿ, ಸವೆದು ಕಡ್ಡಿಯಾಗಿದ್ದರೆ ಹೊಸದು ಹಾಕಿಸಿ.

ಮಳೆಗಾಲಕ್ಕೆಂದು ಟ್ಯಾಂಕಿನೊಳಗೇ ಬ್ಯಾಕಪ್ ಹೀಟರ್ ಕೊಡುತ್ತಾರಲ್ಲ, ಅದು ಬೇಡ. 200 ಲೀಟರನ್ನು ಬರೀ 20 ಡಿಗ್ರಿ ಏರಿಸಲು ನಾಲ್ಕೂವರೆ ಯೂನಿಟ್ ಮೀರುತ್ತದೆ, ಬೇಕಿರುವುದು ಎರಡು ಬಕೆಟ್ಟಾದರೂ. ಸ್ವಿಚ್ ಆರಿಸಲು ಮರೆತರೆ ಕೇಳುವುದೇ ಬೇಡ. ಬಚ್ಚಲಿನಲ್ಲೇ 15 ಲೀಟರಿನ ಗೀಸರ್ ಇಟ್ಟುಕೊಂಡು, ಮೋಡದ ದಿನ ಮಾತ್ರ ಬಳಸುವುದು ಅಗ್ಗ.

ಅಪಾರ್ಟ್‌ಮೆಂಟಿನ ಕೆಳಮಹಡಿಗಳಿಗೆ, ಅಂದರೆ ತಾರಸಿಯಿಂದ 30, 40 ಮೀಟರ್ ಪೈಪು ಬೇಕಾಗುವವರಿಗೆ, ಇದು ಲಾಭವಿಲ್ಲ. ನೀರನ್ನು ಸುತ್ತಿಸುವ ರಿಟರ್ನ್ ಲೈನ್ ಇಲ್ಲದಿದ್ದರೆ ಗೀಸರನ್ನೇ ಉಳಿಸಿಕೊಳ್ಳಿ, ಥರ್ಮೋಸ್ಟಾಟ್ ಮಾತ್ರ 50ರ ಹತ್ತಿರಕ್ಕೆ ಇಳಿಸಿ.